ಕುಡುಕನಿಗೆ ಕಾಣದ ಕಸುಬು

ಕಳೆದ ತಪಸ್ಸುಕಾಲದ ಒಂದು ಭಾನುವಾರ ಎರಡನೆಯ ಪೂಜೆ ಮುಗಿದು ಜನರೆಲ್ಲ ಚದುರಿದ ಮೇಲೆ ತಾಯಿಯೊಬ್ಬರು ಗುರುನಿವಾಸದ ಜಗಲಿಯಲ್ಲಿ ಕಾದು ನಿಂತಿದ್ದರು. ಕೈಯಲ್ಲಿ ಒಂದು ಲಕೋಟೆ. "ಸ್ವಾಮಿ, ನಮ್ಮ ಯಜಮಾನರ ವರ್ಷದ ಪೂಜೆಗೆ ಇದು. ಆದರೆ ಇದನ್ನ ತಗೋಬಹುದೋ ಬೇಡವೋ ನೀವೇ ಹೇಳಬೇಕು. ಹುಡುಗನ ಸಂಬಳದ ದುಡ್ಡು. ಅವನು ಬೆಂಗಳೂರಲ್ಲಿ ಬೀರು ಕಾಯಿಸ್ತಾನೆ" ಎಂದರು.

ಆಕೆಯ ಪತಿ ಕುಡಿತದಿಂದಲೇ ತೀರಿಕೊಂಡವರು. ಪ್ಯಾಕೆಟ್ ಸಾರಾಯಿಯಿಂದ ಆರಂಭವಾದ ಚಟ. 2007ರ ಜುಲೈ 1ರಿಂದ ಸರ್ಕಾರವು ಸಾರಾಯಿಯನ್ನು ನಿಷೇಧಿಸಿದಾಗ ಮನೆಯವರು ನಿಟ್ಟುಸಿರು ಬಿಟ್ಟರು. ಆದರೆ ಆತ ಅಗ್ಗದ ವಿಸ್ಕಿಗೆ ಬದಲಾದರು, ಅಷ್ಟೆ. ಈ ಕುಟುಂಬ ಹಾಸನದ್ದೋ, ಹೊಳೆನರಸೀಪುರದ್ದೋ, ಅರಕಲಗೂಡಿನದ್ದೋ, ಚನ್ನರಾಯಪಟ್ಟಣದ್ದೋ ಎಂಬುದನ್ನು ನಾನು ಹೇಳಲಾರೆ. ತಾಯಿ ಮಗ ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅಂಥ ಮನೆ ಈ ನಾಲ್ಕೂ ಊರುಗಳಲ್ಲಿ ಒಂದಾದರೂ ಇದೆಯೆಂಬುದು ವಾಚಕ ಬಂಧುಗಳಿಗೆ ನನಗಿಂತ ಚೆನ್ನಾಗಿ ಗೊತ್ತು.

ಆ ಕ್ಷಣಕ್ಕೆ ನನಗೆ ಉತ್ತರ ಹೊಳೆಯಲಿಲ್ಲ. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದಿದವರಿಗೆ ಉತ್ತರ ಹೇಳುವ ಮೊದಲು ಪ್ರಶ್ನೆಯನ್ನೇ ಸೀಳಿ ನೋಡುವ ದುರಭ್ಯಾಸವಿರುತ್ತದೆ. ಕಾದು ನಿಂತವರಿಗೆ ಅದರಿಂದ ಯಾವ ಉಪಯೋಗವೂ ಇಲ್ಲ. "ಲಕೋಟೆ ಸದ್ಯಕ್ಕೆ ನಿಮ್ಮ ಹತ್ತಿರವೇ ಇರಲಿ ಅಮ್ಮ, ನಾನೊಮ್ಮೆ ಹೋಗಿ ಅವನ ಕೆಲಸ ನೋಡಿಬರುತ್ತೇನೆ" ಎಂದೆ. ಈಸ್ಟರ್ ಕಳೆದ ಮೇಲೆ ಬೇರೊಂದು ಕೆಲಸದ ನಿಮಿತ್ತ ಬೆಂಗಳೂರಿಗೆ ಹೋದವನು ಒಂದು ಬೆಳಗ್ಗೆ ಅಲ್ಲಿಗೂ ಹೋದೆ.

ಬಿಯರ್ ಎಂದೊಡನೆ ನಮಗೆ ನೆನಪಾಗುವುದು ದೊಡ್ಡ ಕಾರ್ಖಾನೆಯ ಸೀಸೆ. ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ ಎಂಬಾತ ದಕ್ಷಿಣ ಭಾರತದ ಕೆಲವು ಸಣ್ಣ ಬಿಯರ್ ತಯಾರಿಕಾ ಘಟಕಗಳನ್ನು ಒಂದುಗೂಡಿಸಿ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಸಂಸ್ಥೆಯನ್ನು ಕಟ್ಟಿದಂದಿನಿಂದ ಬೆಂಗಳೂರಿಗೂ ಬಿಯರಿಗೂ ನಂಟು ಗಟ್ಟಿಯಾಯಿತು. ಹಾಸನದ ಕೈಗಾರಿಕಾ ಪ್ರದೇಶದಲ್ಲಿಯೂ ಇಂದು ಬಿಯರ್ ಕಾರ್ಖಾನೆಯಿದೆ. ಆದರೆ ನಮ್ಮ ಹುಡುಗ ಇರುವುದು ಬೇರೆ ಬಗೆಯ ಜಾಗದಲ್ಲಿ. 2010-11ರ ಸುಮಾರಿಗೆ ಬೆಂಗಳೂರಿನ ಇಂದಿರಾನಗರದಲ್ಲಿ ಟಾಯ್ಟ್, ಲ್ಯಾವೆಲ್ ರಸ್ತೆಯ ಬಳಿ ದಿ ಬಿಯರ್ ಕ್ಲಬ್ ಎಂಬ ಹೋಟೆಲುಗಳು ತಮ್ಮ ಕಟ್ಟಡದೊಳಗೇ ಸಣ್ಣ ಪ್ರಮಾಣದಲ್ಲಿ ಬಿಯರ್ ತಯಾರಿಸಿ ಅಲ್ಲಿಯೇ ಬಡಿಸತೊಡಗಿದವು. ಅನಂತರ ಅಮೆರಿಕದ ಮಿಷಿಗನ್ ರಾಜ್ಯದ ಆರ್ಬರ್ ಬ್ರೂಯಿಂಗ್ ಕಂಪನಿಯ ಶಾಖೆಯೂ ಬಂದಿತು. ಈಗ ನಗರದಲ್ಲಿ ಇಂಥವು ಹಲವು ಹತ್ತು. ಇವುಗಳಿಗೆ ಮೈಕ್ರೋಬ್ರೂವರಿ ಎಂದು ಹೆಸರು. ಹುಡುಗ ಸೂಕ್ಷ್ಮಜೀವಿಶಾಸ್ತ್ರ ಓದಿ ಅಂಥದೊಂದರಲ್ಲಿ ಬ್ರೂವರ್ ಆಗಿದ್ದಾನೆ.

ನಾನು ಹೋದಾಗ ಅವನು ರಬ್ಬರ್ ಬೂಟು ತೊಟ್ಟು ನೆಲ ತೊಳೆಯುತ್ತಿದ್ದ. "ಫಾದರ್, ನಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ತೊಳೆಯುವುದೇ" ಎಂದು ನಕ್ಕ.

ಕೆಲಸದ ಮೊದಲ ಅರ್ಧ ನಮ್ಮ ಹೆಣ್ಣುಮಕ್ಕಳಿಗೆ ಹೊಸದೇನಲ್ಲ. ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ಹಿಟ್ಟಿನಿಂದ ಮಗುವಿಗೆ ಗಂಜಿ ಕಾಯಿಸಿದರೆ ಅದು ಸಾಮಾನ್ಯ ರಾಗಿ ಗಂಜಿಗಿಂತ ತೆಳುವಾಗಿಯೂ ಸಿಹಿಯಾಗಿಯೂ ಇರುತ್ತದಲ್ಲವೆ? ಮೊಳಕೆಯೊಡೆಯುವಾಗ ಕಾಳಿನಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದೇ ಅದಕ್ಕೆ ಕಾರಣ. ಬಿಯರಿನಲ್ಲಿ ರಾಗಿಯ ಬದಲು ಬಾರ್ಲಿ. ಮೊಳಕೆ ಬಾರ್ಲಿಯ ನುಚ್ಚನ್ನು ಬಿಸಿನೀರಿನಲ್ಲಿ ಕಲಸಿ ಸುಮಾರು ಒಂದು ತಾಸು ಇಡುತ್ತಾರೆ. ನೀರಿನ ಬಿಸಿ 63 ಡಿಗ್ರಿಯ ಹತ್ತಿರವಿದ್ದರೆ ಯೀಸ್ಟ್ ಪೂರ್ತಿ ತಿಂದು ಮುಗಿಸಬಲ್ಲ ಸಕ್ಕರೆ ಹೆಚ್ಚು. 70ರ ಹತ್ತಿರವಾದರೆ ಯೀಸ್ಟಿಗೆ ದಕ್ಕದ ಸಕ್ಕರೆ ಉಳಿದು ಬಿಯರ್ ಮಂದವಾಗುತ್ತದೆ. ಈ ಏಳು ಡಿಗ್ರಿಯ ನಡುವೆ ಎಲ್ಲಿ ನಿಲ್ಲಬೇಕೆಂಬುದು ಮೊದಲ ತೀರ್ಮಾನ. ಬಳಿಕ ಆ ಸಿಹಿರಸವನ್ನು ಸೋಸಿ, ಹಾಪ್ಸ್ ಹಾಕಿ ಕುದಿಸಿ, ತಣಿಸಿ, ಯೀಸ್ಟ್ ಹಾಕುತ್ತಾರೆ.

ಇಷ್ಟರಲ್ಲಿ ನೀರಿನ ಮಾತು ಬಂದಿತು. ಬೆಂಗಳೂರು ಕುಡಿಯುವ ಕಾವೇರಿಯಲ್ಲಿ ಹೊಳೆನರಸೀಪುರದ ಪಕ್ಕದಲ್ಲಿ ಹರಿದು ಹೋದ ನಮ್ಮ ಹೇಮಾವತಿಯೂ ಸೇರಿದೆ. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಅವೆರಡೂ ಕೂಡುತ್ತವೆ. ಬ್ರೂವರನಿಗೆ ಆದರೂ ಸಿಕ್ಕ ನೀರು ಸಿಕ್ಕಂತೆಯೇ ಆಗದು. ಬೋರ್‌ವೆಲ್ ನೀರು ಗಡಸು. ಮೊದಲು ನೀರಿನಲ್ಲಿರುವ ಲವಣಗಳನ್ನೆಲ್ಲ ಯಂತ್ರದಲ್ಲಿ ಬಹುಪಾಲು ತೆಗೆದು, ಅನಂತರ ಬೇಕಾದ್ದನ್ನು ತೂಗಿ ಹಾಕುತ್ತಾರೆ. ಹಾಪ್ಸಿನ ಕಹಿ ಹರಿತವಾಗಿ ಎದ್ದು ಕಾಣಬೇಕಾದರೆ ಜಿಪ್ಸಂ. ತಿಳಿಯಾದ ಲಾಗರ್ ಬೇಕಾದರೆ ಬಹುಪಾಲು ಮೃದುನೀರು. ಇಂಗ್ಲೆಂಡಿನ ಬರ್ಟನ್ ಊರಿನ ನೀರಿನಲ್ಲಿ ಜಿಪ್ಸಂ ಸಹಜವಾಗಿಯೇ ಇತ್ತು, ಬೊಹೀಮಿಯದ ಪಿಲ್ಸೆನ್ ಊರಿನ ನೀರು ಮೆದುವಾಗಿತ್ತು. ಒಂದು ಊರು ಕಹಿ ಏಲ್‌ಗೆ, ಇನ್ನೊಂದು ಹೊಂಬಣ್ಣದ ಲಾಗರಿಗೆ ಹೆಸರಾಗಲು ಇದೂ ಒಂದು ಕಾರಣ. ಬವೇರಿಯದ ಯೋಸೆಫ್ ಗ್ರೋಲ್ ಪಿಲ್ಸೆನ್ನಿನಲ್ಲಿ ಆ ಲಾಗರನ್ನು ಮೊದಲು ಕಾಯಿಸಿದ್ದು 1842ರಲ್ಲಿ. ಇಂದು ಜಗತ್ತಿನಲ್ಲಿ ಮಾರಾಟವಾಗುವ ಬಿಯರಿನ ಬಹುಪಾಲು ಅದರದೇ ಸಂತತಿ.

ಲಾಗರ್ ಎಂಬುದು ಜರ್ಮನ್ ಮಾತಿನಿಂದ ಬಂದದ್ದು. ಕೂಡಿಡುವುದು, ದಾಸ್ತಾನು ಮಾಡುವುದು ಎಂದರ್ಥ. ಇದರ ಹುಟ್ಟಿನಲ್ಲಿ ನಮ್ಮ ಸಂತರ ಹಬ್ಬಗಳಿಗೂ ಒಂದು ಪಾಲಿದೆಯೆಂದರೆ ಓದುಗರಿಗೆ ಕುತೂಹಲವಾದೀತು. ಬೇಸಿಗೆಯಲ್ಲಿ ಕಾಯಿಸಿದ ಬಿಯರ್ ಕೆಡುತ್ತಿದ್ದುದರಿಂದ ಬವೇರಿಯದ ದೊರೆಯು 1553ರಲ್ಲಿ ಒಂದು ಆಜ್ಞೆ ಹೊರಡಿಸಿ, ಸೆಪ್ಟೆಂಬರ್ 29ರ ಸಂತ ಮಿಕಾಯೇಲರ ಹಬ್ಬದಿಂದ ಏಪ್ರಿಲ್ 23ರ ಸಂತ ಜಾರ್ಜರ ಹಬ್ಬದವರೆಗೆ ಮಾತ್ರ ಬಿಯರ್ ಕಾಯಿಸಬೇಕೆಂದು ವಿಧಿಸಿದ. ಚಳಿಗಾಲದ ತಂಪಿನಲ್ಲಿ ಬದುಕಿ ಕೆಲಸಮಾಡಬಲ್ಲ ಯೀಸ್ಟ್ ಮಾತ್ರ ಆ ನೆಲಮಾಳಿಗೆಗಳಲ್ಲಿ ಉಳಿದು ಬೆಳೆಯಿತು. ಅದು ಎರಡು ಜಾತಿಗಳ ಬೆರಕೆ; ಒಂದು ಜಾತಿ ಹಳೆಯ ಏಲ್ ಯೀಸ್ಟ್, ಇನ್ನೊಂದು ಯಾವುದೆಂದು ಬಹುಕಾಲ ಗೊತ್ತಿರಲಿಲ್ಲ. 2011ರಲ್ಲಿ ವಿಜ್ಞಾನಿಗಳು ದಕ್ಷಿಣ ಅಮೆರಿಕದ ಪ್ಯಾಟಗೋನಿಯದ ಕಾಡುಮರಗಳ ಮೇಲೆ ಆ ಇನ್ನೊಂದು ತಳಿಯನ್ನು ಕಂಡರು.

ಡೆನ್ಮಾರ್ಕಿನ ಜಾಕೊಬ್‌ಸನ್ ಎಂಬಾತ 1845ರಲ್ಲಿ ಮ್ಯೂನಿಕ್ ನಗರದಿಂದ ಇಂಥ ಯೀಸ್ಟನ್ನು ಡಬ್ಬಿಯಲ್ಲಿ ತುಂಬಿಕೊಂಡು, ಕುದುರೆಗಾಡಿ ನಿಂತಲ್ಲೆಲ್ಲ ತಣ್ಣೀರು ಸುರಿದು ಕಾಪಾಡುತ್ತ ಕೋಪನ್‌ಹೇಗನ್ನಿಗೆ ತಂದನಂತೆ. ಆತನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸನ್ 1883ರಲ್ಲಿ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸುವ ವಿಧಾನವನ್ನು ಕಂಡುಹಿಡಿದ. ಅದನ್ನು ಗುಟ್ಟಾಗಿಟ್ಟುಕೊಳ್ಳದೆ ಜಾಕೊಬ್‌ಸನ್ ಇತರ ಬ್ರೂವರಿಗಳಿಗೂ ಹಂಚಿದ. ಚನ್ನರಾಯಪಟ್ಟಣದ ತೆಂಗಿನ ತೋಟದಲ್ಲಿ ಬೆಳಗ್ಗೆ ಇಳಿಸಿದ ನೀರಾ ಹಾಗೆಯೇ ಬಿಟ್ಟರೆ ಮಧ್ಯಾಹ್ನದೊಳಗೆ ಹೆಂಡವಾಗುವುದನ್ನು ಬಲ್ಲವರಿಗೆ ಹ್ಯಾನ್ಸನ್ ಮಾಡಿದ್ದೇನೆಂಬುದು ಅರ್ಥವಾದೀತು. ಗಾಳಿಯಲ್ಲಿರುವ ಯಾವ ಯೀಸ್ಟ್ ಬಂದು ಬೀಳುತ್ತದೋ ಅದರ ಪಾಡಿಗೆ ಬಿಡದೆ, ಹೆಸರು ಕುಲ ಗೊತ್ತಿದ್ದ ಒಂದನ್ನೇ ಒಳಗೆ ಬಿಡುವುದು.

ಈಗ ನಮ್ಮ ಹುಡುಗನ ತೊಟ್ಟಿಗೆ ಬರೋಣ. ಏಲ್ ಯೀಸ್ಟ್ 18-20 ಡಿಗ್ರಿಯಲ್ಲಿ ಕೆಲವೇ ದಿನಗಳಲ್ಲಿ ಕೆಲಸ ಮುಗಿಸುತ್ತದೆ. ಲಾಗರಿಗೆ 10 ಡಿಗ್ರಿಯ ಆಸುಪಾಸಿನ ತಂಪು ಬೇಕು, ಯೀಸ್ಟ್ ಸುಮಾರು ಇಮ್ಮಡಿ ಬೇಕು, ವಾರಗಟ್ಟಲೆ ಕಾಲ ಬೇಕು. ಸಣ್ಣ ಬ್ರೂವರಿಯಲ್ಲಿ ತೊಟ್ಟಿಗಳು ಕೆಲವೇ ಇರುವುದರಿಂದ ಒಂದು ಲಾಗರ್ ಮಲಗಿರುವ ಕಾಲದಲ್ಲಿ ಗೋಧಿಯ ಏಲನ್ನು ಎರಡು ಮೂರು ಸಲ ಮಾಡಿ ಮಾರಬಹುದು. ಆದ್ದರಿಂದಲೇ ಸಣ್ಣ ಬ್ರೂವರಿಗಳಿಗೆ ಏಲ್ ಸುಲಭ, ಲಾಗರ್ ದುಬಾರಿ. ಏಲಿನಲ್ಲಿ ಹಣ್ಣು, ಕಾಫಿ, ಮಾವು, ರಾಗಿ ಏನನ್ನಾದರೂ ಸೇರಿಸಿ ಸಣ್ಣ ತಪ್ಪನ್ನು ಮುಚ್ಚಬಹುದು. ಲಾಗರಿನಲ್ಲಿ ಮುಚ್ಚುವುದಕ್ಕೆ ಯಾವ ಮರೆಯೂ ಇಲ್ಲ.

ಅದರ ದೊಡ್ಡ ಶತ್ರು ಡೈಅಸಿಟೈಲ್ ಎಂಬ ವಸ್ತು. ಬೆಣ್ಣೆ ಬಿಸ್ಕತ್ತಿನಂಥ ವಾಸನೆ. ಯೀಸ್ಟೇ ಅದರ ಬೀಜವನ್ನು ಬಿಡುತ್ತದೆ, ಸಮಯ ಕೊಟ್ಟರೆ ಯೀಸ್ಟೇ ಅದನ್ನು ಮರಳಿ ನುಂಗುತ್ತದೆ. ಅದಕ್ಕಾಗಿ ಹುದುಗು ಮುಗಿಯುವ ಹಂತದಲ್ಲಿ ತೊಟ್ಟಿಯ ತಾಪವನ್ನು 15-16 ಡಿಗ್ರಿಗೆ ಏರಿಸಿ ಎರಡು ಮೂರು ದಿನ ಬಿಡುತ್ತಾರೆ. ಆಮೇಲೆ ನಿಧಾನವಾಗಿ ಸೊನ್ನೆಯ ಹತ್ತಿರಕ್ಕೆ ಇಳಿಸಿ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಮಲಗಿಸುತ್ತಾರೆ. ತಾಪ ಇಳಿಸಬಹುದೇ ಎಂದು ತಿಳಿಯಲು ಅವನು ಒಂದು ಪರೀಕ್ಷೆ ತೋರಿಸಿದ. ಎರಡು ಲೋಟಗಳಲ್ಲಿ ಅದೇ ಬಿಯರ್. ಒಂದನ್ನು 60 ಡಿಗ್ರಿಯ ನೀರಿನಲ್ಲಿ ಸ್ವಲ್ಪ ಹೊತ್ತಿಟ್ಟು ತಣಿಸಿ, ಎರಡನ್ನೂ ಮೂಸಿ ನೋಡುವುದು. ಬಿಸಿಮಾಡಿದ್ದರಲ್ಲಿ ಬೆಣ್ಣೆಯ ವಾಸನೆ ಬಂದರೆ ಬೀಜ ಇನ್ನೂ ಉಳಿದಿದೆ, ಕಾಯಬೇಕು. ನಾನೂ ಮೂಸಿದೆ. ಎರಡೂ ಒಂದೇ ಎನ್ನಿಸಿತು. ಅವನು ತಲೆಯಲ್ಲಾಡಿಸಿ, "ಇಲ್ಲ ಫಾದರ್, ಇನ್ನೂ ಎರಡು ದಿನ" ಎಂದು ಪುಸ್ತಕದಲ್ಲಿ ಬರೆದುಕೊಂಡ.

ಹಾಪ್ಸಿನ ಕಥೆ ಬೇರೆ. ಹಾಪ್ಸ್ ಎಂಬುದು ಒಂದು ಬಳ್ಳಿಯ ಹೂವು. ಬೇಸಿಗೆಯ ದೀರ್ಘ ಹಗಲು ಬೇಡುವ ಬಳ್ಳಿಯಾದ್ದರಿಂದ ನಮ್ಮ ಸೀಮೆಯಲ್ಲಿ ಸುಲಭಕ್ಕೆ ಬಾರದು; ಭಾರತದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆದವರಿದ್ದಾರೆ. ಬಿಂಗನ್ ಮಠದ ಸಂತ ಹಿಲ್ಡೆಗಾರ್ಡ್, 2012ರಲ್ಲಿ ಧರ್ಮಸಭೆಯು ಆಚಾರ್ಯೆಯೆಂದು ಘೋಷಿಸಿದ ಆಕೆ, 12ನೆಯ ಶತಮಾನದಲ್ಲಿಯೇ ಈ ಹೂವಿನ ಕಹಿಯು ಪಾನೀಯ ಕೆಡದಂತೆ ಕಾಯುತ್ತದೆಂದು ಬರೆದಿದ್ದರು. ಮನಸ್ಸಿಗೆ ವಿಷಾದ ತರುತ್ತದೆ ಎಂದೂ ಸೇರಿಸಿದ್ದರು. ಮುಂದೆ ಇಂಗ್ಲೆಂಡಿನಿಂದ ಆಫ್ರಿಕವನ್ನು ಸುತ್ತಿ ತಿಂಗಳುಗಟ್ಟಲೆ ಹಡಗಿನಲ್ಲಿ ನಮ್ಮ ದೇಶಕ್ಕೆ ಬರುತ್ತಿದ್ದ ಏಲಿಗೆ ಹಾಪ್ಸ್ ಹೆಚ್ಚು ಹಾಕುತ್ತಿದ್ದರು. ಇಂಡಿಯಾ ಪೇಲ್ ಏಲ್ ಎಂಬ ಹೆಸರು ಬಂದದ್ದು ಹಾಗೆ. ಅಮೆರಿಕದವರು ಆ ಹೆಸರನ್ನು ಮರಳಿ ಹಿಡಿದು, ಕಹಿಯೊಡನೆ ಕಿತ್ತಳೆ ಮಾವುಗಳ ಪರಿಮಳ ಬರುವ ಹೊಸ ತಳಿಗಳನ್ನು ಬಳಸಿ ಹೊಸ ರುಚಿ ಕಟ್ಟಿದರು. ಈಗ ಅದು ಬೆಂಗಳೂರಿಗೆ ಬಂದಿದೆ. ಇಂಡಿಯಾ ಎಂಬ ಹೆಸರಿನದು ಇಂಡಿಯಾಕ್ಕೆ ಬರಲು ಅಮೆರಿಕವನ್ನು ಸುತ್ತಿ ಬಂದಂತಾಯಿತು.

ತಾಸುಗಟ್ಟಲೆ ಕುದಿಸಿದರೆ ಹಾಪ್ಸು ಕಹಿಯನ್ನು ಕೊಡುತ್ತದೆ, ಪರಿಮಳ ಹಬೆಯೊಡನೆ ಹಾರಿಹೋಗುತ್ತದೆ. ಸಾರು ಇಳಿಸುವಾಗ ಕೊತ್ತಂಬರಿ ಸೊಪ್ಪು ಹಾಕುವ ಜಾಣತನವೇ ಇಲ್ಲಿಯೂ. ಬೆಂಕಿ ಆರಿಸಿ, ರಸ 80 ಡಿಗ್ರಿಯ ಸುಮಾರಿಗೆ ಇಳಿದ ಮೇಲೆ ಒಂದು ಪಾಲು. ಹುದುಗು ಮುಗಿದ ಮೇಲೆ ತಣ್ಣನೆಯ ತೊಟ್ಟಿಗೆ ಇನ್ನೊಂದು ಪಾಲು. ಬೆಲ್ಜಿಯಂನ ಓರ್ವಾಲ್ ಮಠದ ಟ್ರ್ಯಾಪಿಸ್ಟ್ ಸನ್ಯಾಸಿಗಳ ಬಿಯರಿಗೂ ಹೀಗೆ ಕೊನೆಯಲ್ಲಿ ಹಾಪ್ಸ್ ಹಾಕುವುದುಂಟು. ಹಿಂದೆ ಈ ಹೂವನ್ನು ತೊಟ್ಟಿಯಲ್ಲಿ ವಾರಕ್ಕೂ ಮಿಕ್ಕಿ ಬಿಡುತ್ತಿದ್ದರು, ಹಸಿ ಹುಲ್ಲಿನ ವಾಸನೆ ಬರುತ್ತಿತ್ತು. ಈಗ ಎರಡು ಮೂರು ದಿನಕ್ಕೇ ತೆಗೆಯುತ್ತಾರೆ. ಇನ್ನೊಂದು ತೊಡಕೂ ಇದೆ. ಹಾಪ್ಸಿನಲ್ಲಿಯೇ ಕಿಣ್ವಗಳಿರುವುದರಿಂದ ಯೀಸ್ಟ್ ತಿನ್ನಲಾಗದೆ ಬಿಟ್ಟಿದ್ದ ಸಕ್ಕರೆ ಮತ್ತೆ ಒಡೆದು, ಮಲಗಿದ್ದ ಯೀಸ್ಟ್ ಎದ್ದು ಕುಳಿತು, ಓಡಿಸಿದ್ದ ಬೆಣ್ಣೆಯ ವಾಸನೆ ಮತ್ತೆ ಬರುತ್ತದೆ. ಆಗಲೂ ಕಾಯುವುದೊಂದೇ ಉಪಾಯ.

ಎಲ್ಲಕ್ಕಿಂತ ಮಿಗಿಲಾದ ಭಯ ಗಾಳಿಯದು. ಯೀಸ್ಟ್ ಹಾಕುವ ದಿನ ಅದಕ್ಕೆ ಆಮ್ಲಜನಕ ಬೇಕೇ ಬೇಕು, ಅನಂತರ ಅದೇ ವಿಷ. ಹೆಚ್ಚಿಟ್ಟ ಹಾಸನದ ಆಲೂಗೆಡ್ಡೆ ಗಾಳಿಗೆ ಕಪ್ಪಾಗುವಂತೆ ಹಾಪ್ಸ್ ತುಂಬಿದ ಬಿಯರೂ ಗಾಳಿ ತಾಗಿದರೆ ಕಂದುಬಣ್ಣಕ್ಕೆ ತಿರುಗಿ ಪರಿಮಳ ಕಳೆದುಕೊಳ್ಳುತ್ತದೆ. ಬಿಯರಿನಲ್ಲಿ ಕರಗಿದ ಆಮ್ಲಜನಕ ನೂರು ಕೋಟಿ ಭಾಗದಲ್ಲಿ 50 ಭಾಗ ಮೀರಬಾರದೆಂದು ಅವನ ಲೆಕ್ಕ. ಅದನ್ನು ಅಳೆಯುವ ಸಾಧನವನ್ನು ಅವನು ಹಿಡಿದಿದ್ದ ರೀತಿ ನೋಡಿ ನನಗೆ ಪೂಜಾಪಾತ್ರೆ ಹಿಡಿಯುವ ಹೊಸ ಗುರುವಿನ ನೆನಪಾಯಿತು.

ಆಗ ಅವನು ತನ್ನ ಹಿಂದಿನ ಕೆಲಸ ಬಿಟ್ಟ ಕಾರಣ ಹೇಳಿದ. ಅಲ್ಲಿ ಒಂದು ಕ್ರಿಸ್ಮಸ್ ವಾರ ಗಿರಾಕಿಗಳ ನೂಕುನುಗ್ಗಲು. ಲಾಗರ್ ತೊಟ್ಟಿ ಇನ್ನೂ ಎರಡು ವಾರ ಮಲಗಬೇಕಿತ್ತು. ಮಾಲೀಕರು ತೆಗೆಯಿರಿ ಎಂದರು. ತೆಗೆದರು. ಬೆಣ್ಣೆಯ ವಾಸನೆ ಢಾಳಾಗಿತ್ತು. "ಯಾರಾದರೂ ಬೈದರೇ?" ಎಂದು ಕೇಳಿದೆ. "ಒಬ್ಬರೂ ಬೈಯಲಿಲ್ಲ ಫಾದರ್. ಮೂರು ದಿನಕ್ಕೆ ಖಾಲಿಯಾಯಿತು. ಅದಕ್ಕೇ ಬಿಟ್ಟೆ."

ಬೆಂಗಳೂರಿನಿಂದ ಬಸ್ಸಿನಲ್ಲಿ ಮರಳುವಾಗ ದಾರಿಯುದ್ದಕ್ಕೂ ಈ ಮಾತೇ ತಲೆಯಲ್ಲಿ. ನಮ್ಮ ದೇಶದಲ್ಲಿ ಮಾರಾಟವಾಗುವ ಬಿಯರಿನಲ್ಲಿ ದೊಡ್ಡ ಪಾಲು ಸ್ಟ್ರಾಂಗ್ ಎಂದು ಕರೆಯುವ, ಶೇ. 6ರಿಂದ 8ರವರೆಗೆ ಮದ್ಯಸಾರವುಳ್ಳ ಬಗೆಯದು. ನಾಲಗೆ ಮರಗಟ್ಟುವಷ್ಟು ತಣ್ಣಗೆ ಮಾಡಿ ಕುಡಿಯುತ್ತಾರೆ. ಏರಬೇಕಾದದ್ದು ಏರಿದರೆ ಸಾಕು. ಹುಡುಗನ ಲಾಗರಿನಲ್ಲಿ ಶೇ. 5ಕ್ಕೂ ಕಡಿಮೆ. ಅವನು ಆರು ವಾರ ಪಡುವ ಶ್ರಮದಲ್ಲಿ ಅಮಲಿಗೆ ಸಂಬಂಧಿಸಿದ್ದು ಏನೂ ಇಲ್ಲ. ಅಮಲು ಮೊದಲ ಎರಡು ವಾರಗಳಲ್ಲಿಯೇ ಸಿದ್ಧವಾಗಿರುತ್ತದೆ. ಉಳಿದ ನಾಲ್ಕು ವಾರದ ಕಸುಬೆಲ್ಲ ಕುಡುಕನ ಕಣ್ಣಿಗೆ ಕಾಣದ್ದು, ಕಂಡರೂ ಬೇಡವಾದದ್ದು. ಅವನ ತಂದೆಗೆ ಈ ನಾಲ್ಕು ವಾರಗಳು ಅರ್ಥವಾಗುತ್ತಿರಲಿಲ್ಲ.

ಅರಿಸ್ಟಾಟಲನನ್ನು ಅನುಸರಿಸಿ ಸಂತ ತೋಮಾಸ್ ಅಕ್ವಿನಾಸರು ಕಸುಬನ್ನೂ ನಡತೆಯ ವಿವೇಕವನ್ನೂ ಬೇರ್ಪಡಿಸುತ್ತಾರೆ. ಕಸುಬು ಮಾಡಿದ ವಸ್ತುವನ್ನು ಒಳ್ಳೆಯದಾಗಿಸುತ್ತದೆ, ಮಾಡಿದವನನ್ನಾಗಲಿ ಬಳಸಿದವನನ್ನಾಗಲಿ ಒಳ್ಳೆಯವನಾಗಿಸುವ ಹೊಣೆ ಅದರದಲ್ಲ. ವಿದ್ಯಾರ್ಥಿಯಾಗಿದ್ದಾಗ ಇದು ನನಗೆ ಬಹಳ ಸಲೀಸಾದ ವಿಂಗಡಣೆಯಾಗಿ ತೋರಿತ್ತು. ಈಗ ಅಷ್ಟು ಸಲೀಸೆನಿಸುವುದಿಲ್ಲ. ಒಂಬತ್ತನೆಯ ಶತಮಾನದ ಸಂತ ಗಾಲ್ ಮಠದ ನಕ್ಷೆಯಲ್ಲಿ ಮೂರು ಬಿಯರ್ ಮನೆಗಳಿವೆ, ಸನ್ಯಾಸಿಗಳಿಗೊಂದು, ಅತಿಥಿಗಳಿಗೊಂದು, ಯಾತ್ರಿಕರಿಗೂ ಬಡವರಿಗೂ ಒಂದು. ಹಾಗೆಂದು ಮದ್ಯ ಪವಿತ್ರವಾಗಲಿಲ್ಲ. ಸಂತ ಬೆನೆಡಿಕ್ಟರ ನಿಯಮಾವಳಿ ಸನ್ಯಾಸಿಗೆ ದಿನದ ದ್ರಾಕ್ಷಾರಸವನ್ನು ಅಳತೆ ಹಾಕಿಯೇ ಕೊಡುತ್ತದೆ, ಅದೂ ಅರೆಮನಸ್ಸಿನಿಂದ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮದ್ಯಪಾನವನ್ನು 1988ರಲ್ಲಿಯೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಎಷ್ಟು ನಾಜೂಕಾಗಿ ಕಾಯಿಸಿದರೂ ಐದನೆಯ ಲೋಟ ಐದನೆಯ ಲೋಟವೇ. ಇದನ್ನು ನಾನು ಹುಡುಗನಿಗೂ ಹೇಳಿದ್ದೇನೆ.

ಅವನು ಅದಕ್ಕೆ ವಾದ ಹೂಡಲಿಲ್ಲ. ತನ್ನ ಪುಸ್ತಕದ ಕೊನೆಯ ಹಾಳೆಗಳನ್ನು ತೋರಿಸಿದ. ದಿನಕ್ಕೆ ಎಷ್ಟು ಗುಟುಕು ರುಚಿ ನೋಡಿದೆನೆಂಬ ಲೆಕ್ಕ: ಮೂರು, ನಾಲ್ಕು, ಮೂರು. ಬುಧವಾರ ಸೊನ್ನೆ. ತಪಸ್ಸುಕಾಲದ ನಲವತ್ತು ದಿನವೂ ಸೊನ್ನೆ. ಆಗ ರುಚಿ ನೋಡುವ ಕೆಲಸ ಸಹೋದ್ಯೋಗಿಯದು. "ಅಪ್ಪನ ರಕ್ತ ನನ್ನಲ್ಲೂ ಇದೆಯಲ್ಲ ಫಾದರ್. ನಾಲ್ಕು ದಾಟಿದ ದಿನ ಅಮ್ಮನಿಗೆ ಫೋನ್ ಮಾಡಿ ಹೇಳುತ್ತೇನೆ ಎಂದು ನನಗೆ ನಾನೇ ಮಾತು ಕೊಟ್ಟುಕೊಂಡಿದ್ದೇನೆ." ಇದುವರೆಗೆ ಅಂಥ ಫೋನ್ ಹೋಗಿಲ್ಲ. ಮುಂದೆ ಹೋಗುವುದಿಲ್ಲವೆಂದು ನಾನಾಗಲಿ ಅವನಾಗಲಿ ಬರೆದುಕೊಡಲಾರೆವು. ಈ ಭಯವೊಂದು ನನ್ನಲ್ಲಿ ಉಳಿದೇ ಇದೆ.

ಮರಳಿ ಬಂದು ಆ ತಾಯಿಯ ಮನೆಗೆ ಹೋದೆ. ಅರಕಲಗೂಡು ಕಡೆಯ ನಮ್ಮ ಕುಟುಂಬಗಳು ಹೊಗೆಸೊಪ್ಪು ಬೆಳೆದು, ರಾತ್ರಿಯೆಲ್ಲ ಎದ್ದು ಬ್ಯಾರನ್ನಿನ ಉರಿ ಕಾದು ಹದಗೊಳಿಸಿ, ರಾಮನಾಥಪುರದ ಹರಾಜಿಗೆ ಒಯ್ದು ಬಂದ ಹಣದಲ್ಲಿ ಮದುವೆ ಮಾಡಿದ್ದಾರೆ, ಪೂಜೆ ಹೇಳಿಸಿದ್ದಾರೆ. ಆ ದುಡ್ಡು ಆಗುತ್ತದೋ ಇಲ್ಲವೋ ಎಂದು ಈ ಮೂವತ್ತು ವರ್ಷದಲ್ಲಿ ಒಬ್ಬರೂ ನನ್ನನ್ನು ಕೇಳಿಲ್ಲ, ನಾನೂ ಅವರನ್ನು ಕೇಳಿಲ್ಲ ಎಂದೆ. ಅವರನ್ನು ಕೇಳದೆ ಈಕೆಯೊಬ್ಬರ ಲಕೋಟೆಯನ್ನು ಹಿಂದಿರುಗಿಸುವ ಧೈರ್ಯ ನನಗಿಲ್ಲ. ಹುಡುಗ ಕಳ್ಳತನ ಮಾಡುತ್ತಿಲ್ಲ, ಕಾನೂನು ಮೀರಿಲ್ಲ, ಕೆಟ್ಟ ಸರಕು ಮಾರಲಾರೆನೆಂದು ಒಮ್ಮೆ ಕೆಲಸ ಬಿಟ್ಟಿದ್ದಾನೆ. ಅವನ ಮೇಲೆ ಕಣ್ಣಿಡಿ, ಬೇಡವೆನ್ನುವುದಿಲ್ಲ. ದುಡ್ಡಿನ ಮೇಲೆ ಬೇಡ ಎಂದೆ.

ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಷ್ಟೊಂದು ತೊಳೀತಾನಾ ಸ್ವಾಮಿ? ಮನೇಲಿ ಒಂದು ಲೋಟ ತೊಳೆದವನಲ್ಲ" ಎಂದರು. ಲಕೋಟೆ ಕೊಟ್ಟರು. ಎರಡು ಸೇರು ಮೊಳಕೆ ರಾಗಿ ಹಿಟ್ಟನ್ನು ಕಟ್ಟಿ, ಮುಂದಿನ ಸಲ ಬೆಂಗಳೂರಿಗೆ ಹೋಗುವವರ ಕೈಯಲ್ಲಿ ಮಗನಿಗೆ ಕಳಿಸಬೇಕೆಂದು ಅದನ್ನೂ ನನ್ನ ಚೀಲಕ್ಕೆ ಹಾಕಿದರು.

ವರ್ಷದ ಪೂಜೆಯ ದಿನ ಹುಡುಗನೂ ಬಂದಿದ್ದ. ವಾರದ ನಡುವೆ ಎರಡು ದಿನ ರಜೆ ಹೇಗೆ ಸಿಕ್ಕಿತೆಂದು ಕೇಳಿದೆ. "ತೊಟ್ಟಿಯಲ್ಲಿರುವುದು ಇನ್ನೂ ಹದಿನೆಂಟು ದಿನ ಮಲಗಬೇಕು ಫಾದರ್. ಅಲ್ಲಿಯವರೆಗೆ ನನಗೇನು ಕೆಲಸ?" ಎಂದು ಹೇಳಿ, ತಾಯಿಯ ಕೈಹಿಡಿದು ಸಮಾಧಿಭೂಮಿಯ ಕಡೆಗೆ ಹೊರಟ.